ಆಶಾ ಕಾರ್ಯಕರ್ತೆಯರು ನಡೆಸುವ ಮಹಿಳಾ ಗುಂಪು ಸಭೆಗಳನ್ನು ಮೌಲ್ಯಮಾಪನ ಮಾಡುವುದು ಹೇಗೆ? ಹಾಜರಾತಿ ಪುಸ್ತಕ ಸಾಕೇ?

ಯಾದಗಿರಿ ಕಡೆಯ 40 ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ತಾಯಿ-ಮಗುವಿನ ಆರೋಗ್ಯದ ಬಗ್ಗೆ ಗುಂಪು ಸಭೆ ಮಾಡುತ್ತಿದ್ದಾರೆ, ಪುಸ್ತಕದಲ್ಲಿ ಸಭೆಗೆ ಸರಾಸರಿ 25 ಸಹಿ ಇವೆ, ಇಷ್ಟರ ಮೇಲೆ ವರ್ಷದ ವರದಿ ಬರೆಯಬಹುದೇ, ಶಿಶುಮರಣ ಇಳಿದಿದೆ ಎಂದು ತೋರಿಸಬಹುದೇ ಎಂದು ಕೇಳಿದ್ದೀರಿ. ಸಹಿ ಸಾಲದು. ಮರಣದ ಲೆಕ್ಕಕ್ಕಂತೂ ಕೈ ಹಾಕಬೇಡಿ.

ಮರಣದ ಮಾತು ಮೊದಲು ಮುಗಿಸುತ್ತೇನೆ. ಹಳ್ಳಿಗೆ ಸಾವಿರ ಜನ, ಸಾವಿರಕ್ಕೆ ವರ್ಷಕ್ಕೆ 20 ಹೆರಿಗೆ ಎಂದಿಟ್ಟುಕೊಂಡರೆ ನಿಮ್ಮ 40 ಹಳ್ಳಿಗಳಲ್ಲಿ 800 ಮಕ್ಕಳು ಹುಟ್ಟುತ್ತವೆ. ಸಾವಿರಕ್ಕೆ 20 ನವಜಾತ ಶಿಶುಗಳು (ಹುಟ್ಟಿ 28 ದಿನದೊಳಗಿನವು) ತೀರಿಕೊಳ್ಳುತ್ತವೆ ಎಂದರೆ 16 ಸಾವು. ಮುಂದಿನ ವರ್ಷ ಅದು 11 ಆಗಬಹುದು, 20 ಆಗಬಹುದು, ಯಾರೂ ಏನೂ ಮಾಡದಿದ್ದರೂ. ಜಾರ್ಖಂಡ್, ಒಡಿಶಾಗಳಲ್ಲಿ ಏಕ್‌ಜುಟ್ ಸಂಸ್ಥೆ 36 ಪ್ರದೇಶಗಳನ್ನು ಲಾಟರಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಮಾತ್ರ ಸಭೆ ನಡೆಸಿ, ಎರಡೂ ಕಡೆ ಮೂರು ವರ್ಷ ಪ್ರತಿ ಹೆರಿಗೆಯನ್ನೂ ದಾಖಲಿಸಿದ್ದಕ್ಕೇ ನವಜಾತ ಶಿಶು ಮರಣ ಶೇ 32ರಷ್ಟು ಕಡಿಮೆ ಎಂದು ಹೇಳಲು ಆಯಿತು. ಅಲ್ಲಿ ಸಭೆ ನಡೆಸಿದವರು ಸಂಸ್ಥೆಯೇ ನೇಮಿಸಿದ ಊರ ಹೆಂಗಸರು. ಆಶಾಗಳೇ ನಡೆಸಿದರೂ ಇಷ್ಟು ಫಲ ಸಿಗುತ್ತದೆಯೇ ಎಂಬ ಪ್ರಶ್ನೆಗೆ 2016ರಲ್ಲಿ ಪ್ರಕಟವಾದ ಎರಡನೇ ಅಧ್ಯಯನ ಉತ್ತರ ಕೊಟ್ಟಿತು: ಶೇ 31. ಅಂದರೆ ಹೆಂಗಸರೇ ಕೂಡಿ ಸಮಸ್ಯೆ ಆರಿಸಿ, ಪರಿಹಾರ ತೀರ್ಮಾನಿಸುವ ಈ ವಿಧಾನ ಕೆಲಸ ಮಾಡುತ್ತದೆ ಎಂದು ನೀವು ಮತ್ತೆ ಸಾಬೀತು ಮಾಡಬೇಕಿಲ್ಲ. ಆ ವಿಧಾನ ನಿಮ್ಮ ಹಳ್ಳಿಗಳಲ್ಲಿ ನಿಜಕ್ಕೂ ನಡೆಯುತ್ತಿದೆಯೇ ಎಂಬುದಷ್ಟೇ ನಿಮ್ಮ ಪ್ರಶ್ನೆ.

ಇಲ್ಲಿ ಬಾಂಗ್ಲಾದೇಶದ ಅನುಭವ ಬಹಳ ಮುಖ್ಯ. ಅಲ್ಲಿ ಇದೇ ಬಗೆಯ ಗುಂಪುಗಳಿಂದ ಮೊದಲ ಸಲ ಮರಣ ಇಳಿಯಲಿಲ್ಲ. ಆಗ ಸುಮಾರು 1,414 ಜನಕ್ಕೆ ಒಂದು ಗುಂಪು ಇತ್ತು. ಗುಂಪುಗಳನ್ನು ಹೆಚ್ಚಿಸಿ 309 ಜನಕ್ಕೆ ಒಂದು ಮಾಡಿದಾಗ ನವಜಾತ ಶಿಶು ಮರಣ ಶೇ 38ರಷ್ಟು ಇಳಿಯಿತು. 2013ರಲ್ಲಿ ಇಂಥ ಏಳು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಗರ್ಭಿಣಿಯರಲ್ಲಿ ಕನಿಷ್ಠ ಶೇ 30ರಷ್ಟು ಮಂದಿ ಗುಂಪಿಗೆ ಬಂದ ಕಡೆಯೇ ಫಲ ಎದ್ದು ಕಂಡಿತು. ಹಾಗಾಗಿ ನಿಮ್ಮ ಮೊದಲ ಅಳತೆ ಇದೇ ಆಗಬೇಕು: ಊರಿನ ಬಸುರಿಯರಲ್ಲಿ ಎಷ್ಟು ಮಂದಿ ಬಂದರು?

25 ಸಹಿಗಳಲ್ಲಿ ಬಸುರಿಯರು ಇಬ್ಬರೇ ಇರಬಹುದು. ವರ್ಷಕ್ಕೆ 20 ಹೆರಿಗೆ ಆಗುವ ಊರಲ್ಲಿ ಯಾವ ಹೊತ್ತಿಗೂ ಸುಮಾರು 15 ಗರ್ಭಿಣಿಯರು ಇರುತ್ತಾರೆ, ಮೊದಲ ಮೂರು ತಿಂಗಳು ಹೇಳಿಕೊಳ್ಳದವರನ್ನು ಬಿಟ್ಟರೂ ಹತ್ತು ಮಂದಿ. ಹತ್ತರಲ್ಲಿ ಎರಡು ಬಹಳ ಕಡಿಮೆ. ಇದಕ್ಕೆ ಸಾಮಾನ್ಯ ಕಾರಣ, ಸಭೆಯನ್ನು ಸ್ತ್ರೀಶಕ್ತಿ ಸಂಘದ ಕಂತು ಕಟ್ಟುವ ದಿನಕ್ಕೇ ಸೇರಿಸಿರುವುದು. ಸಂಘದ ಸದಸ್ಯರು ಹೆಚ್ಚಾಗಿ ಅತ್ತೆಯರು, ಸೊಸೆ ಮನೆಯಲ್ಲೇ ಉಳಿಯುತ್ತಾಳೆ. ಅತ್ತೆ ಬರುವುದೂ ಬೇಕು, ಆಸ್ಪತ್ರೆಗೆ ಕಳಿಸುವ ಮಾತು ಅವರದೇ. ಆದರೆ ಸೊಸೆಯನ್ನು ಬೇರೆಯಾಗಿ ಎಣಿಸಿ.

ಎಣಿಸುವಾಗ ಭಾಜಕ, ಅಂದರೆ 'ಇಷ್ಟು ಮಂದಿಯಲ್ಲಿ' ಎನ್ನುವ ಒಟ್ಟು ಸಂಖ್ಯೆ, ಗುಂಪಿನ ಪಟ್ಟಿಯಿಂದ ಬರಬಾರದು. ಕಳೆದ ಮೂರು ತಿಂಗಳ ಹೆರಿಗೆಗಳನ್ನು ಎಎನ್‌ಎಂ (ಉಪಕೇಂದ್ರದ ಆರೋಗ್ಯ ಸಹಾಯಕಿ) ಬಳಿಯ ದಾಖಲೆ ಮತ್ತು ಅಂಗನವಾಡಿ ಪಟ್ಟಿ ಎರಡರಿಂದಲೂ ತೆಗೆದು ತಾಳೆ ಹಾಕಿ. ನಿಮ್ಮಲ್ಲಿ ಸುಮಾರು 200 ಆಗುತ್ತದೆ. ಆಗುವುದಾದರೆ ಅಷ್ಟೂ ಮನೆಗೆ ಹೋಗಿ, ಬಸುರಿಯಾಗಿದ್ದಾಗ ಸಭೆಗೆ ಬಂದಿದ್ದರೇ ಎಂದು ಕೇಳಿ. ಲಾಟರಿಯಲ್ಲಿ 100 ಮನೆ ಮಾತ್ರ ಆರಿಸಿದರೆ ಶೇ 30 ಎಂದು ಬಂದ ಉತ್ತರ ನಿಜದಲ್ಲಿ ಸುಮಾರು 24ರಿಂದ 36ರ ನಡುವೆ ಎಲ್ಲಾದರೂ ಇರಬಹುದು. ನಮ್ಮ ಕಡೆ ಇನ್ನೊಂದು ತೊಡಕಿದೆ. ಚೊಚ್ಚಲ ಬಸುರಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ, ಬೇರೆ ಊರಿಂದ ಮಗಳು ಬಾಣಂತನಕ್ಕೆ ಇಲ್ಲಿಗೆ ಬರುತ್ತಾಳೆ. ಗುಳೆ ಹೋದ ಮನೆಗಳೂ ಇರುತ್ತವೆ. ಈ ಮೂವರಿಗೆ ಬೇರೆ ಬೇರೆ ಕಾಲಂ ಹಾಕಿ. ಒಟ್ಟಿಗೆ ಸೇರಿಸಿದರೆ ಲೆಕ್ಕ ಕೆಡುತ್ತದೆ. ಪೂರ್ತಿ ಬಿಟ್ಟರೆ ಅಪಾಯ ಹೆಚ್ಚಿರುವವರೇ ಕಣ್ಮರೆಯಾಗುತ್ತಾರೆ.

ಮನೆಯಲ್ಲಿ ಕೇಳುವವರು ಆ ಊರಿನ ಆಶಾ ಆಗಿರಬಾರದು. "ಒಂದು ಗಂಟೆಯೊಳಗೆ ಹಾಲು ಕುಡಿಸಿದ್ರಾ?" ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. "ಮಗು ಹುಟ್ಟಿದ ಮೇಲೆ ಬಾಯಿಗೆ ಮೊದಲು ಏನು ಹಾಕಿದಿರಿ? ಹೊಕ್ಕುಳಿಗೆ ಏನು ಹಚ್ಚಿದಿರಿ? ಮೊದಲ ಸ್ನಾನ ಎಂದು ಮಾಡಿಸಿದಿರಿ?" ಎಂದು ಕೇಳಿ, ಸುಮ್ಮನೆ ಕಾಯಿರಿ. ಜೇನುತುಪ್ಪ, ಸಕ್ಕರೆ ನೀರು, ಎಣ್ಣೆ, ಅರಿಶಿನ ಆಗ ತಾವಾಗಿ ಹೊರಬರುತ್ತವೆ.

ಎರಡನೇ ಅಳತೆ ಸಭೆಯ ಒಳಗಿನದು. ಲಾಟರಿಯಲ್ಲಿ 10 ಗುಂಪು ಆರಿಸಿ, ಒಂದೊಂದನ್ನೂ ಎರಡು ತಿಂಗಳು ನೋಡಿ. ಮೊದಲ ಸಲ ನೀವಿದ್ದೀರಿ ಎಂದು ಎಲ್ಲರೂ ಬಿಗಿಯಾಗಿರುತ್ತಾರೆ, ಎರಡನೇ ಸಲದ ಟಿಪ್ಪಣಿಗೇ ಹೆಚ್ಚು ಬೆಲೆ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತು, ಎರಡು ನಿಮಿಷಕ್ಕೊಮ್ಮೆ ಆ ಗಳಿಗೆಯಲ್ಲಿ ಮಾತಾಡುತ್ತಿರುವವರು ಯಾರು ಎಂದು ಒಂದು ಗೆರೆ ಎಳೆಯಿರಿ: ಆಶಾ, ಹಿರಿಯ ಹೆಂಗಸು, ಸೊಸೆ ವಯಸ್ಸಿನವರು. ಒಂದು ಗಂಟೆಗೆ 30 ಗೆರೆ. ಅದರಲ್ಲಿ 22 ಆಶಾ ಕಡೆಗಿದ್ದರೆ ನಡೆದದ್ದು ಭಾಷಣ. ತಪ್ಪು ಆಕೆಯದಲ್ಲ, ಆಕೆಗೆ ತರಬೇತಿ ಕೊಟ್ಟವರೂ ಹೀಗೇ ನಿಂತು ಓದಿರುತ್ತಾರೆ.

ಸಮಸ್ಯೆ ಆರಿಸುವ ಸಭೆಯನ್ನಂತೂ ತಪ್ಪಿಸಬೇಡಿ. ಚಿತ್ರದ ಕಾರ್ಡುಗಳನ್ನು ನೆಲದ ಮೇಲೆ ಹರಡಿ, ಒಬ್ಬೊಬ್ಬರೂ ತಮಗೆ ದೊಡ್ಡದೆನಿಸಿದ ತೊಂದರೆಯ ಮೇಲೆ ಕಲ್ಲೋ ಹುಣಸೆ ಬೀಜವೋ ಇಡಬೇಕು. ಮೊದಲ ಕಲ್ಲು ಯಾರದು ನೋಡಿ. ಗೌಡರ ಮನೆಯ ಹಿರಿಯಮ್ಮ ರಕ್ತಹೀನತೆಯ ಚಿತ್ರದ ಮೇಲೆ ಇಟ್ಟ ಕೂಡಲೇ ಉಳಿದ ಕಲ್ಲುಗಳೆಲ್ಲ ಅಲ್ಲೇ ಬಿದ್ದರೆ ಅದು ಮತದಾನವಲ್ಲ. ಕಾರ್ಡುಗಳನ್ನು ಗೋಡೆಯ ಆಚೆ ಇಟ್ಟು ಒಬ್ಬೊಬ್ಬರಾಗಿ ಹೋಗಿ ಬರುವಂತೆ ಮಾಡಿದರೆ ರಾಶಿಗಳು ಬೇರೆಯಾಗುತ್ತವೆ. ದಲಿತ ಕೇರಿಯವರು ಎಲ್ಲಿ ಕೂತಿದ್ದಾರೆ, ಅವರ ಕೈಗೆ ಕಾರ್ಡು ಹೋಯಿತೇ ಎಂಬುದನ್ನೂ ಬರೆದುಕೊಳ್ಳಿ. ಸಭೆ ಯಾರ ಓಣಿಯಲ್ಲಿ ನಡೆಯುತ್ತದೆ ಎಂಬುದರಿಂದಲೇ ಯಾರು ಬರುವುದಿಲ್ಲ ಎಂಬುದೂ ನಿರ್ಧಾರವಾಗಿಬಿಡುತ್ತದೆ.

ಗುಂಪು ತೆಗೆದುಕೊಂಡ ತೀರ್ಮಾನದ ಬೆನ್ನು ಹತ್ತಿ. ತುರ್ತಿಗೆ ಗಾಡಿ ಗೊತ್ತು ಮಾಡುತ್ತೇವೆ ಎಂದಿದ್ದರೆ ಚಾಲಕನ ನಂಬರ್ ಯಾರ ಫೋನಿನಲ್ಲಿದೆ ಎಂದು ಕೇಳಿದರೆ ಸಾಕು.

ಪುಸ್ತಕವನ್ನು ಕೊನೆಗೆ ನೋಡಿ. ಎರಡು ತಿಂಗಳ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಕ್ರಮದಲ್ಲಿ ಇದ್ದರೆ ಪಟ್ಟಿಯ ಮೂವರನ್ನು ಭೇಟಿಯಾಗಿ ಕಳೆದ ಸಲ ಯಾವ ಚಿತ್ರ ತೋರಿಸಿದರು ಎಂದು ಕೇಳಿ. ಸುಳ್ಳು ಸಹಿ ಹುಟ್ಟುವುದು ಸೋಮಾರಿತನದಿಂದಲ್ಲ. ಸಮೀಕ್ಷೆ, ಲಸಿಕೆ, ಹೆರಿಗೆಯ ನಂತರ 42ನೇ ದಿನದವರೆಗಿನ ಮನೆ ಭೇಟಿ, ಇಷ್ಟರ ನಡುವೆ ಸಭೆಯೂ ಆಗಬೇಕು, ಸಹಿ ಇಲ್ಲದಿದ್ದರೆ ಪ್ರೋತ್ಸಾಹಧನ ಇಲ್ಲ. ಆದ್ದರಿಂದ ಮೌಲ್ಯಮಾಪನದ ಅಂಕವನ್ನು ಯಾವ ಕಾರಣಕ್ಕೂ ಆಶಾಗಳ ಹಣಕ್ಕೆ ಕಟ್ಟಬೇಡಿ, ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಹೆಸರು ಹಿಡಿದು ಓದಬೇಡಿ. ಗೆರೆ ಎಳೆದ ಹಾಳೆಯನ್ನು ಅದೇ ದಿನ ಆಕೆಯ ಮುಂದಿಟ್ಟು, ಯಾವ ಜಾಗದಲ್ಲಿ ಸೊಸೆಯಂದಿರು ಮಾತು ಶುರು ಮಾಡಿದರು ಎಂಬುದರಿಂದ ಆರಂಭಿಸಿ. ಮುಂದಿನ ತಿಂಗಳು ಆಶಾ ಸುಗಮಕಾರರು (ಆಶಾಗಳಿಗೆ ಮಾರ್ಗದರ್ಶನ ಮಾಡುವವರು) ಆಕೆಯ ಜೊತೆ ಕೂತು ಆ ಒಂದು ಭಾಗವನ್ನು ಮತ್ತೆ ಮಾಡಿಸಲಿ.