ಆರು ವರ್ಷದವರಿಗೆ ಅರ್ಧ ಅಳತೆಯ ಚೆಲ್ಲೊ ಆಗುತ್ತದಾ?

ನಮಸ್ಕಾರ ಮೇಡಂ. ಕಾರವಾರದ ನಿಮ್ಮ ಸಂಗೀತ ಶಾಲೆಗೆ ದಾನವಾಗಿ ಬಂದ 1/2 ಅಳತೆಯ ಚೆಲ್ಲೊದಲ್ಲಿ (ಪಿಟೀಲಿನ ಜಾತಿಯ, ಕುಳಿತು ನುಡಿಸುವ ದೊಡ್ಡ ವಾದ್ಯ) ಆರು ವರ್ಷದವರಿಗೆ ಕಲಿಸಬಹುದಾ, ಎಲ್ಲಿಂದ ಶುರು ಮಾಡಲಿ, ಮಳೆಗಾಲದಲ್ಲಿ ಏನು ಮಾಡಲಿ ಎಂದು ಕೇಳಿದ್ದೀರಿ.

1/2 ಬೇಡ. ಆ ವಯಸ್ಸಿಗೆ ಸಾಮಾನ್ಯವಾಗಿ 1/8, ಸ್ವಲ್ಪ ಎತ್ತರದ ಮಗುವಾದರೆ 1/4. ಯೂನಿಫಾರ್ಮ್ ಥರ ದೊಡ್ಡದು ತಂದು ಮಡಚಿ ಹಾಕುವ ವಿಷಯ ಅಲ್ಲ ಇದು. ಬೆರಳು ಎಳೆದು ನೋವು ಬರುತ್ತದೆ, ಭುಜ ಮೇಲೇರುತ್ತದೆ. ಕುರ್ಚಿಯೂ ಗಿಡ್ಡದಿರಲಿ, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು.

ಕಲಿಸುವುದು ನಿಮಗೆ ಸುಲಭವೇ. ತಂತಿಗಳು ಸಿ, ಜಿ, ಡಿ, ಎ. ಪಕ್ಕಪಕ್ಕದ ತಂತಿಗಳಿಗೆ ಸ-ಪ ಅಂತರ. ಡಿ ತಂತಿಯನ್ನು ಸ ಮಾಡಿಕೊಳ್ಳಿ. ಖಾಲಿ ತಂತಿ ಸ. ಆಮೇಲೆ ಎಡಗೈಯ ಒಂದು, ಮೂರು, ನಾಲ್ಕನೇ ಬೆರಳಿಗೆ (ತೋರುಬೆರಳೇ ಒಂದನೆಯದು) ರಿ, ಗ, ಮ. ಎ ತಂತಿಯಲ್ಲಿ ಖಾಲಿ ತಂತಿ ಪ, ಅದೇ ಬೆರಳುಗಳಲ್ಲಿ ದ, ನಿ, ಮೇಲಿನ ಸ. ನೋಡಿ, ಎಲ್ಲ ಶುದ್ಧ ಸ್ವರಗಳ ಬಿಲಾವಲ್ ಥಾಟ್ ಪೂರ್ತಿ ಬಂತು! ಭಜನೆ ಕೇಳಿ ಬೆಳೆದ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಮೊದಲು ಹಾಡಿಸಿ, ಆಮೇಲೆ ಬೆರಳಲ್ಲಿ ಮೀಟಿಸಿ. ಕಮಾನು ಕೊಡಲು ಅವಸರ ಬೇಡ. ಕಮಾನು ಯಾವಾಗ ಎಂದು ಪಾಲಕರು ಕೇಳುತ್ತಾರೆ, ಕೇಳಲಿ ಬಿಡಿ.

ಮಳೆಗಾಲದ ತೇವಕ್ಕೆ ಮರ ಉಬ್ಬಿ, ತಂತಿ ಶ್ರುತಿ ಮಾಡುವ ಬಿರಡೆ ಬಿಗಿಯುತ್ತದೆ. ಜೋರು ಮಾಡಿ ತಿರುಗಿಸಬೇಡಿ. ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲಿಸಿ. ವಾದ್ಯವನ್ನು ಹೊರಗೋಡೆಗೆ ಒರಗಿಸಬೇಡಿ, ಚೀಲದಲ್ಲಿ ಸಿಲಿಕಾ ಜೆಲ್ ಇಡಿ. ವಾದ್ಯದ ಅಂಚಿನ ಅಂಟು ಬಿಟ್ಟುಕೊಂಡರೆ ಫೆವಿಕಾಲ್ ಮಾತ್ರ ಹಾಕಬೇಡಿ, ಮುಂದೆ ಬಿಚ್ಚಿ ರಿಪೇರಿ ಮಾಡುವುದು ಕಷ್ಟವಾಗುತ್ತದೆ. ಪಿಟೀಲು ರಿಪೇರಿಯವರ ಹತ್ತಿರವೇ ಒಯ್ಯಿರಿ.