ಅಪ್ಪನ ಟ್ರಂಕಿನಲ್ಲಿ ಕಾವು ಕೂರಿಸಬಹುದಾ?

ಹಿತ್ತಲ ಕೋಳಿ: ಓದುಗರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯೆಯ ಉತ್ತರ

ಪ್ರಶ್ನೆ: ನಮ್ಮ ತಂದೆ ಮಿಲಿಟ್ರಿಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅವರ ಕಪ್ಪು ತಗಡಿನ ಟ್ರಂಕು ಅಟ್ಟದ ಮೇಲಿದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಅದಕ್ಕೆ ಹುಲ್ಲು ಹಾಕಿ ಹೇಂಟೆಯನ್ನು ಕಾವಿಗೆ ಕೂರಿಸೋಣ ಅಂತಾನೆ ತಮ್ಮ. ಅಮ್ಮ ಮಾತು ಬಿಟ್ಟಿದ್ದಾರೆ. ನೀವೇನಂತೀರಿ?
– ಓದುಗರು, ಸೋಮವಾರಪೇಟೆ

ಉತ್ತರ: ನಾನು ಅಮ್ಮನ ಕಡೆ. ಕಾರಣ ಮಾತ್ರ ಬೇರೆ. ತಗಡು ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗಿ ಒಳಗೆಲ್ಲ ಬೆವರುತ್ತದೆ. ಗಾಳಿಯೂ ಆಡುವುದಿಲ್ಲ. ಮೊಟ್ಟೆಯೊಳಗಿನ ಮರಿಗೂ ಗಾಳಿ ಬೇಕಲ್ವಾ? ಬಿದಿರಿನ ಕುಕ್ಕೆ ತನ್ನಿ. ತಳಕ್ಕೆ ಬೂದಿ ಚೆಲ್ಲಿ, ಹೇನಿನ ಕಾಟ ಕಡಿಮೆಯಾಗುತ್ತದೆ. ಮೇಲೆ ಒಣಹುಲ್ಲು. ನಾಟಿ ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ವಾರಕ್ಕಿಂತ ಹಳೆಯದು ಬೇಡ. ಏಳನೇ ರಾತ್ರಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿ. ಕೆಂಪು ನರ ಕಂಡರೆ ಮರಿ ಇದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ತೆಗೆದುಬಿಡಿ. 21ನೇ ದಿನದ ಹೊತ್ತಿಗೆ ಚಿಪ್ಪು ಒಡೆಯುತ್ತದೆ.

ಟ್ರಂಕನ್ನು ಅಟ್ಟದಲ್ಲೇ ಬಿಡಬೇಕಿಲ್ಲ. ನಮ್ಮಪ್ಪನ ಟ್ರಂಕಿನಲ್ಲಿ ಕೋಳಿಗಳ ನುಚ್ಚು, ಜೋಳ ಇರುತ್ತಿತ್ತು. ಇಲಿ ಎಷ್ಟು ಕೆರೆದರೂ ಒಂದು ಕಾಳು ಸಿಗುತ್ತಿರಲಿಲ್ಲ. ಬಿಳಿ ಅಕ್ಷರ ಮಾಸಿದಾಗ ಅಪ್ಪ ಸಣ್ಣ ಕುಂಚದಲ್ಲಿ ತಾವೇ ತಿದ್ದುತ್ತಿದ್ದರು. ನಿಮ್ಮಮ್ಮ ಇದಕ್ಕೆ ಒಪ್ಪಬಹುದು, ಕೇಳಿ ನೋಡಿ.

ಅಪ್ಪನ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಅವರು ಬೆಂಗಳೂರಿನ ಎಂಇಜಿಯವರು, ಅಂದರೆ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. 1971ರ ಪಾಕಿಸ್ತಾನದ ಯುದ್ಧದಲ್ಲಿ ಬಸಂತರ್ ನದಿಯ ಹತ್ತಿರ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರಲ್ಲಿ ಅವರೂ ಇದ್ದರು. ಅದರ ಬಗ್ಗೆ ಕೇಳಿದರೆ ‘ಚಳಿ ಜಾಸ್ತಿ ಇತ್ತು’ ಅಂದು ಸುಮ್ಮನಾಗುತ್ತಿದ್ದರು. ಆದರೆ ಮೊಟ್ಟೆ ತೆಗೆಯಲು ಗೂಡಿಗೆ ಹಾಗೇ ಕೈ ಹಾಕಿದವರಲ್ಲ. ಮೊದಲು ಒಂದು ಸಣ್ಣ ಕೋಲನ್ನು ಹುಲ್ಲಿನೊಳಗೆ ಓರೆಯಾಗಿ, ನಿಧಾನಕ್ಕೆ ತೂರಿಸುತ್ತಿದ್ದರು. ನೇರ ಚುಚ್ಚಿದರೆ ಬೈಗುಳ. ನೆಲಬಾಂಬು ಸಿಡಿಯುವುದು ಮೇಲಿಂದ ಬಿದ್ದ ಒತ್ತಡಕ್ಕೆ. ಓರೆಯಾಗಿ ಹೋದ ಕಡ್ಡಿ ಅದರ ಪಕ್ಕಕ್ಕೆ ತಾಗುತ್ತದೆ. ಇದನ್ನು ನಾನು ತಿಳಿದಿದ್ದು ಅವರ ಜೊತೆಯವರಿಂದ. ಗೂಡಿನಲ್ಲಿ ಬಾಂಬಿಲ್ಲ ಸರಿ, ಮೊಟ್ಟೆಗೆ ಬಂದ ನಾಗರಹಾವು ಇರಬಹುದು. ನೀವೂ ಕೋಲು ಹಾಕಿ ನೋಡಿಯೇ ಕೈ ಹಾಕಿ.

ಪ್ರಶ್ನೆ: ಅಪ್ಪ ರಿಟೈರ್ಡ್ ಹವಾಲ್ದಾರ್. ಸಂಜೆಯಾದರೆ ಕೋಳಿಗಳನ್ನು ‘ಏಕ್, ದೋ’ ಅಂತ ಎಣಿಸಿ ಗೂಡಿಗೆ ಬಿಡುತ್ತಿದ್ದರು. ಹೋದ ತಿಂಗಳು ಹಸಿರು ಹಿಕ್ಕೆ, ಕತ್ತು ತಿರುಚು, ಒಂದೇ ವಾರದಲ್ಲಿ ಎಲ್ಲವೂ ಸತ್ತವು. ಅಪ್ಪ ಮಂಕಾಗಿದ್ದಾರೆ. ಗಿರಿರಾಜ ಮರಿ ತಂದುಕೊಡಲಾ?
– ಓದುಗರು, ಅರಕಲಗೂಡು

ಉತ್ತರ: ನೀವು ಬರೆದ ಲಕ್ಷಣ ನೋಡಿದರೆ ಕೊಕ್ಕರೆ ರೋಗವೇ ಇರಬೇಕು. ರಾಣಿಖೇತ್ ಅಂತಲೂ ಹೇಳುತ್ತಾರೆ. ಬಂದ ಮೇಲೆ ಔಷಧಿ ಇಲ್ಲ, ಬಾರದಂತೆ ಲಸಿಕೆ ಇದೆ. ಈಗಲೇ ಮರಿ ತರಬೇಡಿ. ಗೂಡಿನ ಹಳೇ ಹೊಟ್ಟು, ಹುಲ್ಲು ಸುಟ್ಟು, ಸುಣ್ಣ ಬಳಿದು, ಕೆಲವು ವಾರ ಖಾಲಿ ಬಿಡಿ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯುವ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ, ನನಗೆ ಸಿಟ್ಟು ಬರುವುದೇ ಅಲ್ಲಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು.

ಮರಿ ತಂದ ಮೇಲೆ ಮೊದಲ ವಾರದಲ್ಲಿ ಲಸೋಟ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಮರಿಗೆ ತಿಂಗಳಾದಾಗ ಮತ್ತೊಮ್ಮೆ. ಎಂಟನೇ ವಾರಕ್ಕೆ ಇದೇ ರೋಗದ ಆರ್2ಬಿ ಚುಚ್ಚುಮದ್ದು, ಅದಕ್ಕೂ ಒಂದು ವಾರ ಮೊದಲು ಜಂತುಹುಳುವಿನ ಔಷಧಿ. ತೊಡಕು ಏನೆಂದರೆ ಲಸಿಕೆ ಸಾಮಾನ್ಯವಾಗಿ ನೂರು ಕೋಳಿಯ ಬಾಟಲಿಯಲ್ಲಿ ಬರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿ ಇರುವವರು ಒಬ್ಬರೇ ಏನು ಮಾಡಿಯಾರು? ಬೀದಿಯವರೆಲ್ಲ ಒಂದೇ ದಿನ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ಕೇಳಿ, ಐಸ್ ತುಂಬಿದ ಫ್ಲಾಸ್ಕ್ ಒಯ್ಯಿರಿ. ಮನೆಮನೆಗೆ ಹೇಳಿ ಜನ ಸೇರಿಸುವ ಕೆಲಸ ಅಪ್ಪನಿಗೆ ಬಿಡಿ. ಹವಾಲ್ದಾರ್ ಕರೆದರೆ ಯಾರು ಬರಲ್ಲ ಅಂತಾರೆ?

ಗಿರಿರಾಜ ಒಳ್ಳೆಯ ತಳಿ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ್ದು. ಬೇಗ ಬೆಳೆಯುತ್ತದೆ, ಮೊಟ್ಟೆಯೂ ಜಾಸ್ತಿ. ಆದರೆ ಕಾವಿಗೆ ಕೂರುವುದಿಲ್ಲ. ಜೊತೆಗೆ ಎರಡು ನಾಟಿ ಹೇಂಟೆ ಇರಲಿ. ಮರಿಗಳು ಹುಟ್ಟುತ್ತಿದ್ದರೆ ಎಣಿಸುವವರಿಗೂ ಲೆಕ್ಕ ಬದಲಾಗುತ್ತಿರುತ್ತದೆ.

ಪ್ರಶ್ನೆ: ನಮ್ಮ ಕೋಳಿ ತನ್ನ ಮೊಟ್ಟೆ ತಾನೇ ಕುಕ್ಕಿ ತಿನ್ನುತ್ತದೆ. ‘ಕೋರ್ಟ್ ಮಾರ್ಷಲ್ ಮಾಡಿ’ ಅಂತಾರೆ ನಮ್ಮ ಮಾಜಿ ಸೈನಿಕ ಮಾವ. ಬೇರೆ ದಾರಿ ಇದೆಯಾ?
– ಓದುಗರು, ಹುಣಸೂರು

ಉತ್ತರ: ಇದೆ. ಸುಣ್ಣದಂಶ ಕಡಿಮೆಯಾದರೆ ಚಿಪ್ಪು ತೆಳುವಾಗಿ ಒಡೆಯುತ್ತದೆ. ಒಮ್ಮೆ ರುಚಿ ಹತ್ತಿದರೆ ಬಿಡುವುದು ಕಷ್ಟ. ಕಪ್ಪೆಚಿಪ್ಪಿನ ಪುಡಿ ಇಡಿ. ಮೊಟ್ಟೆ ಚಿಪ್ಪು ಕೊಡುವುದಾದರೆ ಹುರಿದು, ಗುರುತು ಸಿಗದಂತೆ ಪುಡಿ ಮಾಡಿ ಕೊಡಿ. ಗೂಡು ಕತ್ತಲಾಗಿರಲಿ, ಮೊಟ್ಟೆ ಇಟ್ಟ ಕೂಡಲೇ ತೆಗೆಯಿರಿ. ಹದಿನೈದು ದಿನ ನೋಡಿ. ಆಮೇಲೂ ಬಿಡದಿದ್ದರೆ ಮಾವನ ತೀರ್ಪೇ ಸರಿ, ಮಸಾಲೆ ಅರೆಯಿರಿ.