ಬಂಡೆ ಇಳಿಯುವ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾವು ಹತ್ತು-ಹನ್ನೆರಡು ಗೆಳೆಯರು ಭಾನುವಾರ ರಾಮನಗರದ ಕಡೆ ಬಂಡೆ ಹತ್ತಲು ಹೋಗುತ್ತೇವೆ. ಗೋಡೆ 25 ಮೀಟರ್ ಎತ್ತರ. ಮೊದಲು ನಮ್ಮದೊಂದೇ ತಂಡ ಇರುತ್ತಿತ್ತು. ಈಗ ಕೆಲವು ಭಾನುವಾರ 40 ಜನ ಸೇರುತ್ತಾರೆ. ಹತ್ತಿದವರೆಲ್ಲ ಎಡಗಡೆಯ ಕಾಲುದಾರಿಯಲ್ಲಿ ಇಳಿಯುತ್ತಾರೆ. ಅದು ಈಗ ಮೊಣಕಾಲುದ್ದ ಕೊರಕಲಾಗಿದೆ. ನೆತ್ತಿಯ ಮೇಲೆ ಬೋಲ್ಟ್ ಹೊಡೆದು ಚೈನ್ ಹಾಕೋಣ, ಎಲ್ಲರೂ ಹಗ್ಗ ಹಿಡಿದು ತಾವೇ ಕೆಳಗಿಳಿಯುವ ರ‍್ಯಾಪೆಲ್ ಮಾಡಲಿ, ದಾರಿ ಮುಚ್ಚಿಬಿಡೋಣ ಅಂತ ಅರ್ಧ ಜನ ಹೇಳುತ್ತಾರೆ. ನಡೆದು ಇಳಿಯುವುದೇ ಸೇಫ್ ಅಂತ ಇನ್ನರ್ಧ ಜನ. ಯಾವುದು ಸರಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಹೇಳುವ ಗೋಡೆ ನನಗೆ ಗೊತ್ತು. 1990ರ ದಶಕದಲ್ಲಿ, ಕಾಲೇಜಿನಲ್ಲಿದ್ದಾಗ, ನಾನು ಹಗ್ಗ ಕಟ್ಟಲು ಕಲಿತದ್ದೇ ಅದರ ಬುಡದಲ್ಲಿ. ಆಗ ಆ ಎಡಗಡೆಯ ಇಳಿಜಾರಿನಲ್ಲಿ ಹುಲ್ಲಿತ್ತು, ತಂಗಡಿ ಗಿಡಗಳಿದ್ದವು. ನಿಮ್ಮ ಪತ್ರ ಬಂದ ಮೇಲೆ ಒಂದು ಮಳೆಯ ದಿನವೇ ನೋಡಿಕೊಂಡು ಹೋಗಿ ಬಂದೆ. ಬಿಸಿಲಲ್ಲಿ ನೋಡಿದರೆ ಕೊರಕಲು ಮಾತ್ರ ಕಾಣುತ್ತದೆ, ಅದನ್ನು ಕೊರೆಯುತ್ತಿರುವುದು ಯಾವುದು ಅಂತ ಕಾಣುವುದಿಲ್ಲ.

ನಮ್ಮದು ಮಾಗಡಿ ಕಡೆಯ ಊರು. ಅಪ್ಪ ರಾಗಿ ಹೊಲಕ್ಕೆ ಬದು ಹಾಕುವ ಮುಂಚೆ, ಒಂದು ಜೋರು ಮಳೆಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲವೆಲ್ಲ ಸುತ್ತುತ್ತಿದ್ದರು. ನೀರು ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿ ಹೊರಗೆ ಹೋಗುತ್ತೆ ಅಂತ ನೋಡಿದ ಮೇಲೇ ಹಾರೆ ಹಿಡಿಯುತ್ತಿದ್ದದ್ದು. ನಾನೂ ಹಾಗೇ ಒಂದು ಕಲ್ಲಿನ ಮರೆಯಲ್ಲಿ ಕೊಡೆ ಹಿಡಿದು ನಿಂತೆ. ಬರಿ ಬಂಡೆ ಒಂದು ಹನಿಯನ್ನೂ ಹೀರುವುದಿಲ್ಲ, ಅಲ್ವಾ? ನೆತ್ತಿಯ ಮೇಲೆ ಬಿದ್ದ ಮಳೆಯೆಲ್ಲ ಜಾರಿ ಬಂದು, ಬಂಡೆ ಮುಗಿದು ಮಣ್ಣು ಶುರುವಾಗುವ ಆ ಒಂದು ಅಂಚಿಗೆ ಬೀಳುತ್ತಿತ್ತು. ನಿಮ್ಮ ಕಾಲುದಾರಿ ಶುರುವಾಗುವುದೂ ಸರಿಯಾಗಿ ಅಲ್ಲೇ. ಹತ್ತು ನಿಮಿಷದಲ್ಲಿ ದಾರಿ ತುಂಬ ಕೆಂಪು ನೀರು.

ಅಂದರೆ ತಪ್ಪು ಬರೀ ಕಾಲಿನದಲ್ಲ. ಕಾಲು ತುಳಿದು ಹುಲ್ಲು ಸಾಯಿಸುತ್ತದೆ, ಮಣ್ಣನ್ನು ಗಟ್ಟಿ ಮಾಡುತ್ತದೆ. ಗಟ್ಟಿಯಾದ ಮಣ್ಣು ನೀರು ಕುಡಿಯುವುದಿಲ್ಲ. ಆಮೇಲಿನ ಕೆಲಸ ನೀರಿನದು. ನಮ್ಮ ಕಲ್ಲಿನ ಗುಣವೂ ಇದಕ್ಕೆ ಸೇರಿಕೊಂಡಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲನ್ನು ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಇದರ ಹರಳುಗಳು ದಪ್ಪ. ಸವೆದರೆ ನುಣ್ಣನೆ ಮಣ್ಣಾಗುವುದಿಲ್ಲ, ದಪ್ಪ ಗರಸಾಗುತ್ತದೆ. ಗಟ್ಟಿ ನೆಲದ ಮೇಲೆ ಈ ಗರಸು ಬಿದ್ದರೆ ಚಪ್ಪಡಿಯ ಮೇಲೆ ರಾಗಿ ಚೆಲ್ಲಿದ ಹಾಗೆ. ಇದೇ ದಾರಿಯಲ್ಲಿ ನಾನೂ ಒಮ್ಮೆ ಜಾರಿ, ಕಣಕಾಲು ಉಳುಕಿ ಮೂರು ವಾರ ಕುಂಟಿದ್ದೇನೆ. ಜಾರುವ ಭಯಕ್ಕೆ ಜನ ಕೊರಕಲು ಬಿಟ್ಟು ಪಕ್ಕದ ಹುಲ್ಲಿಗೆ ಹೋಗುತ್ತಾರೆ. ಮುಂದಿನ ವರ್ಷ ಅಲ್ಲಿ ಎರಡನೇ ಕೊರಕಲು.

ಈಗ ಚೈನಿನ ವಿಷಯ. ಚೈನ್ ಹಾಕಿ, ಆದರೆ ನೆತ್ತಿಯ ಮೇಲೆ ಬೇಡ. ಒಬ್ಬರು ಹಗ್ಗ ಹಾಕಿ, ಪರೀಕ್ಷಿಸಿ, ಇಳಿಯುವುದಕ್ಕೆ ಐದು ನಿಮಿಷ ಅಂದರೂ 40 ಜನಕ್ಕೆ ಮೂರು ಗಂಟೆಗಿಂತ ಜಾಸ್ತಿ. ಅಷ್ಟು ಹೊತ್ತು ಸಾಲು ನಿಲ್ಲುವುದು ಎಲ್ಲಿ? ನೆತ್ತಿಯ ಮೇಲೆ. ಅಲ್ಲಿ ಬಂಡೆಯ ತಗ್ಗುಗಳಲ್ಲಿ ಒಂದು ಗೇಣು ಮಣ್ಣಿದೆ. ಮಳೆಗಾಲದಲ್ಲಿ ಇಂಥ ಕಡೆ ಪುಟ್ಟ ಪುಟ್ಟ ಹೂವು ಬರುತ್ತವೆ. ಒದ್ದೆ ಜಾಗದಲ್ಲಿ ಹುಡುಕಿದರೆ ಸಣ್ಣ ಹುಳ ಹಿಡಿದು ತಿನ್ನುವ ಡ್ರಾಸೆರಾ ಗಿಡವೂ ಸಿಗಬಹುದು, ನಾಲ್ಕಾಣೆಯಷ್ಟೇ ಅಗಲ. ಆ ಮಣ್ಣು ಹೋದರೆ ನಮ್ಮ ಜನ್ಮದಲ್ಲಿ ವಾಪಸ್ ಬರುವುದಿಲ್ಲ. ದಾರಿ ಉಳಿಸಲು ಹೋಗಿ ನೆತ್ತಿಯನ್ನು ಕಳೆದುಕೊಳ್ಳಬಾರದು.

ಆಂಕರ್ ಅನ್ನು, ಅಂದರೆ ಹಗ್ಗ ಹಾಕುವ ಬೋಲ್ಟು-ಚೈನಿನ ಜೋಡಣೆಯನ್ನು, ಅಂಚಿಗಿಂತ ಎರಡು ಮೀಟರ್ ಕೆಳಗೆ, ಗಟ್ಟಿ ಕಲ್ಲಿನಲ್ಲಿ ಕೂರಿಸಿ. ಎರಡು ಬೋಲ್ಟ್, ಎರಡೂ ಸ್ಟೇನ್‌ಲೆಸ್ ಸ್ಟೀಲ್, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯಬೇಕು. ಹತ್ತುವವರು ಅಲ್ಲಿಗೆ ಮುಟ್ಟಿ, ಅಲ್ಲಿಂದಲೇ ಇಳಿಯಲಿ. ನೆತ್ತಿಗೆ ಯಾರೂ ಕಾಲಿಡುವುದು ಬೇಡ. ಕಲಿಯುವವರಿಗೆ ರ‍್ಯಾಪೆಲ್ ಕೂಡ ಬೇಡ, ಕೆಳಗೆ ಬಿಲೇ ಹಿಡಿದವರೇ (ಹತ್ತುವವರ ಹಗ್ಗವನ್ನು ಕಾಯುವವರೇ) ಅವರನ್ನು ಇಳಿಸಲಿ. ನಿಮ್ಮ ಗೋಡೆಗೆ 60 ಮೀಟರ್ ಹಗ್ಗ ಸಾಕು, ಮಡಿಸಿದರೆ 30 ಮೀಟರ್ ಬರುತ್ತದೆ. ದಿನವಿಡೀ ಇಳಿಸುವಾಗ ಹಗ್ಗ ನಿಮ್ಮ ಸ್ವಂತ ಲೋಹದ ಕೊಂಡಿಗಳಾದ ಕ್ಯಾರಬೀನರ್‌ಗಳ ಮೇಲೆ ಓಡಲಿ. ಮರಳು ಹತ್ತಿದ ಹಗ್ಗ ಅರದ ಹಾಗೆ ಉಕ್ಕನ್ನು ತಿನ್ನುತ್ತದೆ. ಆಂಕರಿನ ಖಾಯಂ ರಿಂಗಿನಲ್ಲಿ ಹಗ್ಗ ಹಾಕುವುದು ಕೊನೆಗೆ ಇಳಿಯುವ ಒಬ್ಬರು ಮಾತ್ರ. ಆ ಒಬ್ಬರು ನಿಮ್ಮಲ್ಲಿ ಪಳಗಿದವರಾಗಿರಬೇಕು. ರ‍್ಯಾಪೆಲ್ ಮಾಡುವುದಾದರೆ ಹಗ್ಗದ ಎರಡೂ ತುದಿಗೆ ಗಂಟು, ಕೈತಪ್ಪಿದರೆ ಹಿಡಿಯಲು ಪ್ರೂಸಿಕ್ ಅನ್ನುವ ಬಿಗಿಯುವ ಗಂಟು, ಆಂಕರ್‌ನಿಂದ ಬಿಚ್ಚಿಕೊಳ್ಳುವ ಮೊದಲು ಭಾರ ಹಾಕಿ ಪರೀಕ್ಷೆ. ಗೊತ್ತಿದ್ದವರೇ ಸುಸ್ತಾದ ಸಂಜೆ ಇದನ್ನು ಮರೆಯುತ್ತಾರೆ.

ಜಾಗ ಆರಿಸುವಾಗ ಮೇಲೆ ಕೆಳಗೆ ಚೆನ್ನಾಗಿ ನೋಡಿ. ಹೆಜ್ಜೇನು ಕಟ್ಟಿದ್ದರೆ, ಅಥವಾ ಹಿಂದೆ ಕಟ್ಟಿದ ಗುರುತಿದ್ದರೆ, ಗೋಡೆಯ ಆ ಭಾಗ ಬಿಟ್ಟುಬಿಡಿ. ಹಗ್ಗದಲ್ಲಿ ನೇತಾಡುವವರು ಹೆಜ್ಜೇನು ಎದ್ದರೆ ಓಡುವುದು ಎಲ್ಲಿಗೆ? ರಾಮದೇವರ ಬೆಟ್ಟದಲ್ಲಂತೂ ಹೊಸ ಆಂಕರ್ ಮಾತೇ ಬೇಡ. ಅದು 2012ರಿಂದ ರಣಹದ್ದುಗಳ ಅಭಯಾರಣ್ಯ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಅಂಥ ಕಡಿದಾದ ಬಂಡೆಯ ಅಂಚಿನಲ್ಲೇ. ಬೇರೆ ಬೆಟ್ಟವಾದರೂ ಅರಣ್ಯ ಇಲಾಖೆಯನ್ನು ಕೇಳದೆ ಡ್ರಿಲ್ ಹಚ್ಚಬೇಡಿ.

ಇನ್ನು ದಾರಿ ಮುಚ್ಚುವ ಮಾತು. ಅದಕ್ಕೆ ನಾನು ಒಪ್ಪುವುದಿಲ್ಲ. ಯಾರಿಗಾದರೂ ಪೆಟ್ಟಾದರೆ, ಗುಡುಗು ಶುರುವಾದರೆ, ಹಗ್ಗ ಸಿಕ್ಕಿಕೊಂಡರೆ, ನಡೆದು ಇಳಿಯುವ ದಾರಿ ಬೇಕೇ ಬೇಕು. ಜೊತೆಗೆ ಅದು ನಿಮಗಿಂತ ಮೊದಲು ಆಡು ಮೇಯಿಸುವವರ ದಾರಿ. ಮೊದಲು ಅವರ ಹತ್ತಿರ ಕೂತು ಮಾತಾಡಿ. ನೀರು ಹರಿಯುವ ಜಾಗ ಅವರಿಗೆ ಗೊತ್ತಿರುವಷ್ಟು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ರಿಪೇರಿ ಮೇಲಿನಿಂದ ಶುರು ಮಾಡಿ. ಕೆಳಗೆ ಎಷ್ಟು ಕಟ್ಟಿದರೂ ಮೇಲಿನ ನೀರು ಒದ್ದುಕೊಂಡು ಹೋಗುತ್ತದೆ. ಬಂಡೆ ಮುಗಿಯುವ ಅಂಚಿನಲ್ಲೇ ಮೊದಲ ಕಲ್ಲುಸಾಲು ಇಡಿ. ದಾರಿಗೆ ನೇರ ಅಡ್ಡವಾಗಿ ಬೇಡ, ಓರೆಯಾಗಿ. ನೇರ ಇಟ್ಟರೆ ಹಿಂದೆ ಮಣ್ಣು ತುಂಬಿ ನೀರು ಮೇಲೆ ಹಾರುತ್ತದೆ. ಓರೆಯಿದ್ದರೆ ಪಕ್ಕಕ್ಕೆ ತಿರುಗುತ್ತದೆ. ಆ ಪಕ್ಕದಲ್ಲಿ ಹುಲ್ಲೋ ಬಂಡೆಯೋ ಇರಬೇಕು, ಸಡಿಲ ಮಣ್ಣಿರಬಾರದು. ಕಡಿದಾದ ಕಡೆ ಮೂರು-ನಾಲ್ಕು ಮೀಟರಿಗೆ ಒಂದು ಸಾಲು ಬೇಕು. ಒಂದೊಂದು ಕಲ್ಲೂ ಇಬ್ಬರು ಸೇರಿ ಎತ್ತುವಷ್ಟು ದೊಡ್ಡದಿರಲಿ, ಅರ್ಧಕ್ಕಿಂತ ಜಾಸ್ತಿ ನೆಲದೊಳಗೆ ಹೂತಿರಲಿ. ಹೂಳದ ಕಲ್ಲು ಮೊದಲ ಮಳೆಗೇ ಉರುಳುತ್ತದೆ, ಕೆಳಗೆ ಬಿಲೇ ಹಿಡಿದು ನಿಂತವರ ಕಡೆಗೇ ಉರುಳುತ್ತದೆ.

ಹಳೆಯ ಕೊರಕಲಿನೊಳಗೆ ಸಣ್ಣ ಸಣ್ಣ ಕಲ್ಲುತಡೆ ಕಟ್ಟಿ. ತಡೆಯ ನಡುಭಾಗ ಎರಡು ಬದಿಗಿಂತ ತಗ್ಗಿರಬೇಕು. ನಡು ಎತ್ತರವಾದರೆ ನೀರು ಬದಿ ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ. ನಾನು ಮೊದಲ ಸಲ ಕಟ್ಟಿದಾಗ ಇದೇ ತಪ್ಪು ಮಾಡಿದ್ದೆ, ಅಪ್ಪ ಬಂದು ಬಿಚ್ಚಿಸಿ ಕಟ್ಟಿಸಿದರು. ಅಡ್ಡದಾರಿಗಳ ಬಾಯಿಗೆ ಲಂಟಾನದ ಕೊಂಬೆ ಒಟ್ಟಿದರೆ ಸಾಕು, ಬೋರ್ಡು ಬೇಡ. ಲಂಟಾನ ಕಡಿಯುವುದಕ್ಕೂ ಫಾರೆಸ್ಟ್ ಗಾರ್ಡನ್ನು ಒಂದು ಮಾತು ಕೇಳಿ. ಕೆಲಸಕ್ಕೆ ಒಳ್ಳೆ ಸಮಯ ಮೇ ತಿಂಗಳ ಮೊದಲ ಮಳೆಗಳ ನಂತರ. ನೆಲ ಮೆತ್ತಗಿರುತ್ತದೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಷ್ಟರೊಳಗೆ ಹುಲ್ಲು ಬೇರು ಬಿಟ್ಟಿರುತ್ತದೆ. ನಾಲ್ಕು ಹಾರೆ, ಎರಡು ಪಿಕಾಸಿ, ಒಂದಷ್ಟು ಮಂಕರಿ ಇದ್ದರೆ ಹನ್ನೆರಡು ಜನಕ್ಕೆ ಎರಡು ಭಾನುವಾರದ ಕೆಲಸ. ದಿನ ಗೊತ್ತು ಮಾಡಿ ಬರೆಯಿರಿ, ನಾನೂ ಬರುತ್ತೇನೆ.

ಪ್ರಶ್ನೆ: ಮರಕ್ಕೆ ಹಗ್ಗ ಸುತ್ತಿ ರ‍್ಯಾಪೆಲ್ ಮಾಡಿದರೆ ಬೋಲ್ಟಿನ ಖರ್ಚೂ ಇಲ್ಲ, ಕಲ್ಲಿಗೆ ತೂತೂ ಇಲ್ಲ. ತಪ್ಪೇನು?
– ಮಾಗಡಿಯಿಂದ ಓದುಗರು

ಉತ್ತರ: ಆ ಮರವನ್ನು ಹತ್ತಿರದಿಂದ ನೋಡಿದ್ದೀರಾ? ಬೇರಿಗೆ ಊಟ ಹೋಗುವುದು ತೊಗಟೆಯ ಒಳಪದರದಲ್ಲಿ. ಪ್ರತಿ ಸಲ ಹಗ್ಗ ಎಳೆದುಕೊಂಡಾಗಲೂ ಅದು ಗರಗಸದ ಹಾಗೆ ಆ ತೊಗಟೆಯನ್ನು ಉಜ್ಜುತ್ತದೆ. ಸುತ್ತಲೂ ಸವೆದರೆ ಮರ ಒಣಗುತ್ತದೆ. ಬಂಡೆಯ ಬಿರುಕಿನಲ್ಲಿ ನಿಂತ ಮರ ಹೋದರೆ, ಅದು ಹಿಡಿದುಕೊಂಡಿದ್ದ ಮಣ್ಣೂ ಹೋಗುತ್ತದೆ. ಅನುಮತಿ ಪಡೆದು ಹಾಕಿದ ಎರಡು ಬೋಲ್ಟು ಒಂದು ಮರಕ್ಕಿಂತ ಕಡಿಮೆ ಹಾನಿ, ಇದು ನನ್ನ ಗಟ್ಟಿ ಅಭಿಪ್ರಾಯ. ನೀವು ಸಾವನದುರ್ಗದ ಬಗ್ಗೆ ಕೇಳುತ್ತಿದ್ದರೆ, ಅಲ್ಲಿನ ಕರಿಗುಡ್ಡದ ನೆತ್ತಿ ಮುಟ್ಟಿದವರು ಚಾರಣಿಗರ ದಾರಿಯಲ್ಲೇ, ಬಂಡೆಯ ಮೇಲಿನ ಬಾಣದ ಗುರುತು ನೋಡಿಕೊಂಡು ಇಳಿಯಲಿ. ಬರಿ ಬಂಡೆ ಎಷ್ಟು ತುಳಿದರೂ ಕೊರಕಲಾಗುವುದಿಲ್ಲ. ಮಳೆ ಬಂದರೆ ಮಾತ್ರ ನಿಂತಲ್ಲೇ ನಿಲ್ಲಿ, ಒದ್ದೆ ಬಂಡೆಯ ಮೇಲೆ ಹೆಜ್ಜೆ ಇಡಬೇಡಿ.

ಪ್ರಶ್ನೆ: ಬಾದಾಮಿಯಲ್ಲಿ ಗುಹೆಗಳ ಹಿಂದಿನ ಗೋಡೆಯಲ್ಲಿ ಇಳಿಯಲು ಒಂದು ಆಂಕರ್ ಹಾಕಬಹುದಾ?
– ಬಾಗಲಕೋಟೆಯಿಂದ ಓದುಗರು

ಉತ್ತರ: ಬೇಡ. ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಕಾನೂನು ಇರದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. 6ನೇ ಶತಮಾನದಲ್ಲಿ ಚಾಲುಕ್ಯರ ಶಿಲ್ಪಿಗಳು ಉಳಿ ಇಟ್ಟ ಬೆಟ್ಟ ಅದು. ಈಗಾಗಲೇ ಬೋಲ್ಟ್ ಇರುವ ಗೋಡೆಗಳು ಊರ ಸುತ್ತ ಬೇಕಾದಷ್ಟಿವೆ, ಅಲ್ಲಿ ಹತ್ತಿ. ಮಳೆ ಬಂದ ಮೇಲೆ ಮರಳುಗಲ್ಲು ಚೆನ್ನಾಗಿ ಒಣಗುವ ತನಕ ಕಾಯಿರಿ. ಒದ್ದೆ ಕಲ್ಲಿನಲ್ಲಿ ಹಿಡಿಕೆ ಮುರಿದರೆ ಹೋಯಿತು, ಅಂಟಿಸಲು ಆಗದು.

ಪ್ರಶ್ನೆ: ನನ್ನ ಮಗಳು 9ನೇ ತರಗತಿ. ಬಂಡೆ ಹತ್ತುವ ಶಿಬಿರಕ್ಕೆ ಹೋಗುತ್ತೇನೆ ಅಂತ ಹಟ ಮಾಡುತ್ತಿದ್ದಾಳೆ. ಕಳಿಸುವ ಮುಂಚೆ ಶಿಬಿರದವರನ್ನು ಏನು ಕೇಳಬೇಕು?
– ಮೈಸೂರಿನ ತಾಯಿಯೊಬ್ಬರು

ಉತ್ತರ: ಕಳಿಸಿ ಅಮ್ಮಾ. ‘ನನ್ನ ಮಗಳು ಹೇಗೆ ಇಳಿಯುತ್ತಾಳೆ?’ ಅಂತ ಮೊದಲು ಕೇಳಿ. ಹತ್ತಿಸುವ ಬಗ್ಗೆ ಎಲ್ಲರೂ ಹೇಳುತ್ತಾರೆ. ಇಳಿಸುವ ಬಗ್ಗೆ ತಡವರಿಸದೆ ಹೇಳಿದರೆ ನಂಬಬಹುದು. ಹಗ್ಗದಲ್ಲಿ ಇಳಿಸುತ್ತೇವೆ ಅಂದರೆ ಹಗ್ಗ ಹಿಡಿಯುವವರು ಯಾರು, ಅವರನ್ನು ನೋಡಿಕೊಳ್ಳುವ ಇನ್ನೊಬ್ಬರು ಇರುತ್ತಾರಾ ಅಂತ ಕೇಳಿ. ನಡೆದು ಇಳಿಯುತ್ತಾರೆ ಅಂದರೆ ಕತ್ತಲಾಗುವ ಎಷ್ಟು ಮುಂಚೆ ಅಂತ ಕೇಳಿ. ಹೆಲ್ಮೆಟ್ ಹತ್ತುವಾಗ ಮಾತ್ರವಲ್ಲ, ಬುಡದಲ್ಲಿ ನಿಂತಾಗಲೂ ತಲೆಯ ಮೇಲಿರಬೇಕು.

ಚೀಲದಲ್ಲಿ ಒಂದು ಜೊತೆ ಹಳೆಯ ಕ್ಯಾನ್ವಾಸ್ ಶೂ ಹಾಕಿ ಕೊಡಿ. ಹತ್ತುವ ಶೂಗಳ ಅಡಿ ನುಣುಪು, ಗರಸಿನ ಮೇಲೆ ನಿಲ್ಲುವುದಿಲ್ಲ. ನೆತ್ತಿಯಿಂದ ನಡೆದು ಇಳಿಯುವ ದಿನ ಆ ಕ್ಯಾನ್ವಾಸ್ ಶೂಗಳ ದಾರ ಕಟ್ಟಿ, ಸೊಂಟಕ್ಕೆ ಕಟ್ಟುವ ಹಾರ್ನೆಸ್ಸಿನ ಹಿಂದೆ ನೇತುಹಾಕಿಕೊಂಡು ಹತ್ತಲಿ. ಮೇಲೆ ಹೋಗಿ ಬದಲಾಯಿಸಿಕೊಳ್ಳಬಹುದು.